ಇಜೇರಿಗೆ ಹೋಗುವ ಹಳಿ

ಆಳಂದಕ್ಕೂ ಅಫಜಲಪುರಕ್ಕೂ ನಮ್ಮ ಜೇವರ್ಗಿಗೂ ರೈಲಿಲ್ಲ. ಹಾಗಾಗಿ ಕೆಲಸದಿಂದ ನಿವೃತ್ತನಾದ ಮೇಲೆ ನಾನೇ ಹಾಕಿದೆ, ನಡುಮನೆಯಲ್ಲಿ, ಎರಡು ಮಂಚದ ಮೇಲೆ ಪ್ಲೈವುಡ್ ಹಲಗೆ ಹಾಸಿ. ಆಟಿಕೆ ಅಂತ ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದು ಮಾಡೆಲ್ ರೈಲು, ಅಂಗೈ ಉದ್ದದ ಎಂಜಿನ್ನು, ಅದಕ್ಕೆ ತಕ್ಕ ಡಬ್ಬಿಗಳು.

ಮೊದಲು ಹಳಿ ಆರಿಸಬೇಕು. ಅದರಲ್ಲಿ ಎರಡು ಥರ. ಕಾರ್ಖಾನೆಯಲ್ಲೇ ಬಾಗಿಸಿದ ಗಟ್ಟಿ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಮುಗಿಯಿತು, ಆದರೆ ಅವು ತಮ್ಮ ಅಳತೆಯಷ್ಟೇ ಹೊರಳುತ್ತವೆ. ಇನ್ನೊಂದು ಉದ್ದನೆಯದು, ಕೈಯಿಂದ ಬೇಕಾದ ಹಾಗೆ ಬಾಗಿಸಬಹುದು. ಬಾಗಿಸಿದಾಗ ಒಳಗಿನ ಕಂಬಿ ತುದಿಯಲ್ಲಿ ಹೊರಗೆ ಚಾಚುತ್ತದೆ, ಅದನ್ನು ಕತ್ತರಿಸಬೇಕು. ಯಾರಿಗೆ ಬೇಕು ಆ ರಗಳೆ? ಗಟ್ಟಿ ತುಂಡುಗಳನ್ನೇ ತರಿಸಿದೆ.

ಸುದ್ದಿ ಹಬ್ಬಿದ್ದೇ ತಡ, ಬಂದವರೆಲ್ಲ ತಮ್ಮೂರಿಗೆ ಸ್ಟಾಪು ಕೇಳುವವರೇ. ನಿಂಬರ್ಗಾದ ನನ್ನ ಅಕ್ಕ ಚಹಾ ಮುಟ್ಟದೆ ಕೂತಳು. “ಒಡಹುಟ್ಟಿದಾಕಿ ಊರಿಗೆ ಹಳಿ ಇಲ್ಲೇನೋ?” ಪೆನ್ಸಿಲ್ ತೆಗೆದು ಹಲಗೆಯ ಮೇಲೆ ನಿಂಬರ್ಗಾ ಬರೆದೆ. ನೆಲೋಗಿಯಿಂದ ಬರುವ ಹಾಲಿನವನಿಗೂ ಒಂದು ಸ್ಟೇಷನ್ ಕೊಟ್ಟೆ.

ಹೆಂಡತಿ ಮಾತ್ರ ಏನೂ ಕೇಳಿರಲಿಲ್ಲ. ಅವಳ ತವರು ಇಜೇರಿ. ಒಂದು ಬೆಳಿಗ್ಗೆ ಹಲಗೆಯ ಧೂಳು ಒರೆಸುತ್ತಿದ್ದವಳು ಮೂಲೆಯಲ್ಲಿ ಕೈ ನಿಲ್ಲಿಸಿ, “ಇಜೇರಿ ಎಲ್ಲಿ ಬರ್ತದ್ರಿ?” ಅಂದಳು.

“ಆ ಮೂಲಿಗೆ ಈ ಹಳಿ ಮುಟ್ಟಂಗಿಲ್ಲ,” ಅಂದೆ.

“ಹಳಿ ಮ್ಯಾಲ ಯಾಕ ಹಾಕ್ತೀರಿ? ಸಿಟ್ಟು ನಿಮ್ಮದು. ಹಲಗಿ ಮ್ಯಾಲೂ ನಮ್ಮೂರಿಗೆ ಹೋಗಾಂಗಿಲ್ಲ ನೀವು.”

ನಿಜ. ಎಂಟು ವರ್ಷದ ಹಿಂದೆ ಅವಳ ತಮ್ಮನ ಮಗಳ ಮದುವೆಯಲ್ಲಿ ಹಿರಿಯರಿಗೆಲ್ಲ ಟಾವೆಲ್ಲು, ಟೊಪ್ಪಿಗೆ ಹಾಕಿ ಮಾನ ಮಾಡುವಾಗ ನನ್ನನ್ನು ಮರೆತರು. ನೆನಪಾಗಿ ತಮ್ಮ ಓಡಿ ಬರುವಷ್ಟರಲ್ಲಿ ನಾನು ಬಸ್ ಹತ್ತಿ ಕೂತಿದ್ದೆ. ಆಮೇಲೆ ಎಷ್ಟು ಕರೆದರೂ ಆ ಊರಿಗೆ ಕಾಲಿಡಲಿಲ್ಲ. ಹಬ್ಬಕ್ಕೂ ತೊಟ್ಟಿಲಿಗೂ ಅವಳು ಒಬ್ಬಳೇ ಹೋಗಿ ಬಂದಳು. ಅಲ್ಲಿ ಕೇಳಿದವರಿಗೆ ಏನೇನು ನೆಪ ಹೇಳಿದಳೋ, ನಾನು ವಿಚಾರಿಸಿದವನೇ ಅಲ್ಲ. ಒಂದು ಟಾವೆಲ್ಲಿಗೆ ಎಂಟು ವರ್ಷ! ನನಗೇ ನಾಚಿಕೆಯಾಯಿತು.

ಬಾಗುವ ಹಳಿ ತರಿಸಿದೆ. ಮೊದಲನೆಯದನ್ನು ಅವಸರ ಮಾಡಿ ಮುರಿದೆ. “ನಿಮ್ಮ ಕೈಗೆ ದಮ್ಮಽ ಇಲ್ಲ, ತಡೀರಿ,” ಎಂದು ಅವಳು ಹಿಟ್ಟು ನಾದುವ ದೊಡ್ಡ ಪರಾತ ತಂದು ಹಲಗೆಯ ಮೇಲೆ ಬೋರಲು ಹಾಕಿದಳು. ಅದರ ದುಂಡು ಅಂಚಿಗೆ ಅವಳು ಹಳಿ ಒತ್ತಿ ಹಿಡಿದಳು, ನಾನು ಮೆಲ್ಲಗೆ ಬಾಗಿಸಿದೆ. ಎಷ್ಟು ಚಂದ ಹೊರಳಿತು! ಆ ಮಧ್ಯಾಹ್ನ ಇಬ್ಬರೂ ಊಟ ಮರೆತು ಕೂತಿದ್ದೆವು.

ರೈಲು ಮೂಲೆ ಮುಟ್ಟಿದ್ದನ್ನು ಅವಳು ಫೋನಿನಲ್ಲಿ ತಮ್ಮನಿಗೆ ತೋರಿಸಿದಳು. “ಮಾವಾರ, ರೈಲು ಬಂತ್ರಿ. ನೀವು ಯಾವಾಗ ಬರ್ತೀರಿ?” ಎಂದು ಅವನು ಹೆದರುತ್ತಲೇ ಕೇಳಿದ.

“ನಾಳಿ ಬರ್ತೇನಿ,” ಅಂದೆ. ಹೆಂಡತಿ ನನ್ನ ಕಡೆ ನೋಡಲಿಲ್ಲ; ಎದ್ದು ಹೋಗಿ ನನ್ನ ಬಿಳಿ ಅಂಗಿ ಇಸ್ತ್ರಿ ಮಾಡತೊಡಗಿದಳು.

ಮರುದಿನ ಬಸ್ಸಿನಲ್ಲಿ ಕಂಡಕ್ಟರ್ ಅವಳ ಗುರುತು ಹಿಡಿದು ನಕ್ಕ. “ಇಜೇರಿ ಒಂದಽ ಹೌದಿಲ್ರಿ, ಅಕ್ಕಾರ?”

“ಇಲ್ಲೋ ತಮ್ಮಾ, ಎರಡು ಕೊಡು. ನಮ್ಮ ಮನಿಯವರು ಬಂದಾರ,” ಅಂದಳು, ಇಡೀ ಬಸ್ಸಿಗೆ ಕೇಳುವ ಹಾಗೆ.