ಬದುಕಿದ್ದವರಿಗೆ ಮಾಲೆ ಹಾಕಿದ ಗಾಳೇಶ

ನಮ್ಮ ಕೊಪ್ಪಳದ ಆಫೀಸಿನಲ್ಲಿ ಕೋಡ್ ಬರೆಯುವವನು ನಾನು, ಅಂದಚಂದ ನೋಡಿಕೊಳ್ಳುವವನು ಗಾಳೇಶ. ಹತ್ತಿರದ ತಳಕಲ್ಲಿನವನು. ಆನ್‌ಲೈನಿನಲ್ಲಿ ಡಿಸೈನ್ ಕೋರ್ಸ್ ಮುಗಿಸಿದಾಗಿನಿಂದ ಚಹಾದಂಗಡಿಯ ಬೋರ್ಡಿನಲ್ಲೂ ತಪ್ಪು ಹುಡುಕುತ್ತಾನೆ. ಚಹಾ ಮಾತ್ರ ಅಲ್ಲೇ ಕುಡಿಯುತ್ತಾನೆ.

ನಿವೃತ್ತ ನೌಕರರ ಸಂಘವೊಂದು ನಮಗೆ ಆ್ಯಪ್ ಮಾಡಿಕೊಡಲು ಹೇಳಿತ್ತು. ಪಿಂಚಣಿದಾರರು ವರ್ಷಕ್ಕೊಮ್ಮೆ ಮೊಬೈಲಿಗೆ ಮುಖ ತೋರಿಸಿ, ತಾವಿನ್ನೂ ಬದುಕಿದ್ದೇವೆ ಎಂದು ಖಾತ್ರಿಪಡಿಸಬೇಕು. ಅಷ್ಟೇ ಕೆಲಸ. ಅಷ್ಟಕ್ಕೇ ಸುಮ್ಮನಾದರೆ ಗಾಳೇಶನೆಂಥ ಡಿಸೈನರ್? "ನಮ್ಮ ಸಂಸ್ಕೃತಿ ಕಾಣಬೇಕಪಾ" ಎಂದು, ಮುಖ ತೋರಿಸಿದವರ ಫೋಟೋವನ್ನು ಕಪ್ಪು-ಬಿಳುಪು ಮಾಡಿ, ಸುತ್ತ ಚೆಂಡುಹೂವಿನ ಮಾಲೆ ಹಾಕಿ, ಮುಂದೆ ದೀಪ ಹಚ್ಚಿದ. ದೀಪ ಅಲುಗಾಡುತ್ತಿತ್ತು ಬೇರೆ! ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ "ಜೀವಂತ ಇದ್ದಾರೆ" ಎಂದು ಬರೆದ. ತೀರಿಹೋದ ಅಜ್ಜನ ಫೋಟೋವನ್ನು ಗೋಡೆಯ ಮೇಲೆ ನೋಡುತ್ತಲೇ ಬೆಳೆದ ಪುಣ್ಯಾತ್ಮ ಇವನು. ಇದು ಬೇಡವೆಂದು ನಾನು ಹೇಳಿ ನೋಡಿದೆ.

"ನೀ ಕೋಡ್ ಬರಿ, ಸಾಕು" ಎಂದ.

ಸಂಘದ ಕಚೇರಿಯಲ್ಲಿ ಮೊದಲು ಮುಖ ತೋರಿಸಿದವರು ದ್ಯಾವಪ್ಪ. ಪರದೆ ನೋಡಿದವರೇ ಮೊಬೈಲ್ ಬೀಳಿಸಿದರು. ಜೊತೆಗಿದ್ದ ಹೆಂಡತಿ ಅನುಸೂಯಮ್ಮ ಹಣೆಯ ಕುಂಕುಮ ಮುಟ್ಟಿ ನೋಡಿಕೊಂಡರು.

"ನಿನ್ನ ಬಾಯಾಗ ಮಣ್ಣ ಹಾಕ! ಉಸಿರಾಡೋ ಮನಷ್ಯಾಗ ಮಾಲಿ ಹಾಕ್ತೀಯೇನೋ?"

"ಅಮ್ಮಾರ, ಕೆಳಗ ಬರದೈತಿ, ಓದ್ರಿ" ಎಂದ ಗಾಳೇಶ.

"ಮ್ಯಾಲಿಂದು ನೋಡಿದ ಮ್ಯಾಲ ಕೆಳಗಿಂದ್ಯಾಕ ಓದ್ಲಿ?"

ಆಮೇಲೆ ಒಬ್ಬರೂ ಮೊಬೈಲ್ ಮುಟ್ಟಲಿಲ್ಲ. ಮಾಲೆ ತೆಗೆಯದಿದ್ದರೆ ಆ್ಯಪೇ ಬೇಡ ಎಂದರು ಕಾರ್ಯದರ್ಶಿ. ನಮ್ಮ ಕೈಯಲ್ಲಿದ್ದುದು ಅದೊಂದೇ ಕೆಲಸ. ಗಾಳೇಶ ಬಗ್ಗುವ ಕುಳವೇ? "ಮಂದಿಗೆ ರೂಢಿ ಇಲ್ಲರಿ, ಅಷ್ಟ. ಏನೂ ಆಗಂಗಿಲ್ಲ, ನೋಡ್ರಿ" ಎಂದು ತನ್ನದೇ ಮುಖ ತೋರಿಸಿದ. "ಮನೆಯವರಿಗೆ ಕಳಿಸಿ" ಎಂಬ ಗುಂಡಿಯನ್ನೂ ಒತ್ತಿದ. ಅದೂ ಅವನದೇ ಕಲ್ಪನೆ. ಮಾಲೆ ಹಾಕಿಕೊಂಡ ಗಾಳೇಶ ಮನೆಯ ವಾಟ್ಸಾಪ್ ಗುಂಪಿಗೆ ಹೋದ. ಮಹಾಶಯರ ಫೋನು ಎಂದಿನಂತೆ ಸೈಲೆಂಟಿನಲ್ಲಿತ್ತು.

ಮಧ್ಯಾಹ್ನ ನಮ್ಮ ಆಫೀಸಿನ ಮುಂದೆ ಟಂಟಂ ಗಾಡಿ ಬಂದು ನಿಂತಿತು. ಅಳುವ ಹೆಂಗಸರು ಇಳಿದರು. ಎಲ್ಲರಿಗಿಂತ ಮುಂದೆ, ಬರಿಗಾಲಲ್ಲಿ, ಗಾಳೇಶನ ತಾಯಿ ಹುಲಗೆಮ್ಮ. ಬಂದವಳೇ ನನ್ನ ಅಂಗಿ ಹಿಡಿದಳು.

"ಯಪ್ಪಾ, ನನ್ನ ಕೂಸಿನ್ನ ಎಲ್ಲಿ ಮಲಗಿಸೀರೋ?"

ನಗಬೇಕೆಂದಿದ್ದ ನಾನು ಅವಳ ಕೈ ಹಿಡಿದುಕೊಂಡೆ. ಅಷ್ಟರಲ್ಲಿ ಗಾಳೇಶ ಚಹಾ ಕುಡಿದು ಮೀಸೆ ಒರೆಸಿಕೊಳ್ಳುತ್ತ ಒಳಗೆ ಬಂದ. ಹುಲಗೆಮ್ಮ ಮೊದಲು ಕಪಾಳಕ್ಕೆ ಬಾರಿಸಿದಳು. ಆಮೇಲೆ ತಬ್ಬಿಕೊಂಡು ಬೀದಿಗೆಲ್ಲ ಕೇಳುವಂತೆ ಅತ್ತಳು.

"ಯವ್ವಾ, ಕೆಳಗ ಜೀವಂತ ಅಂತ ಬರದಿತ್ತಲ್ಲ..."

"ನನಗ ಓದಾಕ ಬರ್ತೈತೇನೋ? ಮಾಲಿ ಕಂಡ್ತು. ಎದಿ ಒಡೀತು."

ಗಾಳೇಶ ಹೋಗಿ ಕಂಪ್ಯೂಟರಿನ ಮುಂದೆ ಕುಳಿತ. ಅವ್ವ ಅವನ ಬಲಗೈ ಬಿಡಲೇ ಇಲ್ಲ. ಅವನೂ ಬಿಡಿಸಿಕೊಳ್ಳಲಿಲ್ಲ. ಎಡಗೈಯಲ್ಲಿ ಮೌಸ್ ಹಿಡಿದು, ತಡಕಾಡುತ್ತ, ಮಾಲೆಯನ್ನು ಅಳಿಸಿದ.