ಪಾತಜ್ಜಿಯ ಸಿಡಿಲುಗಲ್ಲು

ಮೊಳಕಾಲ್ಮೂರಿನ ಪುಟ್ಟ ಮ್ಯೂಸಿಯಮ್ಮಿಗೆ ದಿನಗೂಲಿಯಾಗಿ ಸೇರಿದ ಹೊಸತರಲ್ಲಿ ವೀರೇಶ ಒಂದು ಘನಕಾರ್ಯ ಮಾಡಿದ. ಕಪಾಟಿನ ಕಲ್ಲುಕೊಡಲಿಗಳ ಬೆನ್ನಿಗೆ ಯಾರೋ ಮಸಿಯಲ್ಲಿ ನಂಬರು ಬರೆದಿದ್ದರು. ಸಾವಿರಾರು ವರ್ಷದ ವಸ್ತುವಿನ ಮೇಲೆ ಗೀಚಿದ್ದು ಯಾವ ಪೋಲಿಯೋ ಎಂದು ಸಿಟ್ಟಿಗೆದ್ದು, ಪಾತ್ರೆ ಸೋಪು ಹಾಕಿ, ತೆಂಗಿನ ನಾರಿನಲ್ಲಿ ಗಸಗಸ ಉಜ್ಜಿ, ಅಷ್ಟನ್ನೂ ಮದುವೆಮನೆ ಲೋಟಗಳ ಹಾಗೆ ಬಿಸಿಲಿಗೆ ಹರವಿದ. ಮೇಡಂ ಹೊಗಳುತ್ತಾರೆಂದು ಕಾದೂ ಕಾದ.

ಮ್ಯೂಸಿಯಮ್ಮಿನ ಉಸ್ತುವಾರಿ ಹೊತ್ತ ಚಿತ್ರಾ ಮೇಡಂ ಹೊಗಳಲಿಲ್ಲ, ಬೈಯಲೂ ಇಲ್ಲ. "ಯಾವ ಕಲ್ಲು ಯಾವೂರದು ಅಂತ ಆ ನಂಬರೇ ಹೇಳ್ತಿತ್ತು, ವೀರೇಶ್. ಕಲ್ಲು ಉಳೀತು, ಅದರ ಊರು ಹೋಯ್ತು" ಎಂದು ಕುರ್ಚಿಗೆ ಕುಸಿದರು.

ತೊಳೆದವುಗಳಲ್ಲಿ ಪಾತಜ್ಜಿಯ ಕಲ್ಲೂ ಇತ್ತು. ಅವನ ಎದೆಯಲ್ಲಿ ಕೂತದ್ದು ಅದೇ.

ಪಾತಜ್ಜಿ ಅವನದೇ ಊರಿನವಳು, ಪರಶುರಾಂಪುರದ ಕಡೆಯವಳು. ಗಂಡ ಹೋದ ಮೇಲೆ ಕುರಿ ಮೇಯಿಸಿಕೊಂಡೇ ಮಕ್ಕಳನ್ನು ಸಾಕಿದಳು. ಮೇವು ಮುಗಿದರೆ ಮಂದೆ ಹೊಡೆದುಕೊಂಡು ಆಂಧ್ರದ ಗಡಿ ದಾಟಿ, ಅಲ್ಲಿನವರೊಂದಿಗೆ ತೆಲುಗಿನಲ್ಲೇ ಜಗಳವಾಡಿ ಬರುವ ಗಟ್ಟಿಗಿತ್ತಿ. ಶೇಂಗಾ ಹೊಲದಲ್ಲಿ ಸಿಕ್ಕ ಇಂಥದೇ ನುಣುಪು ಕಲ್ಲುಕೊಡಲಿಯೊಂದನ್ನು ಸಿಡಿಲಿನ ಜೊತೆ ಬಿದ್ದ ಸಿಡಿಲುಗಲ್ಲೆಂದು ನಂಬಿ, ಕೆಚ್ಚಲು ಬಾತ ಕುರಿಗೆ ಅದನ್ನು ಬಿಸಿಮಾಡಿ, ಎಣ್ಣೆ ಸವರಿ ಒತ್ತುತ್ತಿದ್ದಳು. ಹೊಗೆ, ಎಣ್ಣೆ ಕುಡಿದು ಕಲ್ಲು ಕರ್ರಗೆ ಹೊಳೆಯುತ್ತಿತ್ತು. "ನಿನ್ನ ಹತ್ರ ಇದ್ರೆ ನಿನ್ನ ಕುರಿಗಷ್ಟೇ ಅಜ್ಜಿ. ಮ್ಯೂಸಿಯಮ್ಮಲ್ಲಿಟ್ರೆ ನಮ್ಮೂರ ಹೆಸರು ಬರೆದು ಊರಿಗೆಲ್ಲಾ ತೋರಿಸ್ತಾರೆ" ಎಂದು ಕೆಲಸ ಸಿಕ್ಕ ಹುರುಪಿನಲ್ಲಿ ಪುಸಲಾಯಿಸಿ ತಂದವನು ವೀರೇಶನೇ.

ಮೊನ್ನೆ ಅವಳು ಮೊಮ್ಮಗಳು ರಶ್ಮಿತಾಳನ್ನು ಕರೆದುಕೊಂಡು ಬಸ್ಸಿಳಿದು ನೇರ ಮ್ಯೂಸಿಯಮ್ಮಿಗೆ ಬಂದಳು. ಗಾಜಿನೊಳಗೆ ಒಂದೇ ತರದ ಬೂದುಗಲ್ಲುಗಳು ಸಾಲಾಗಿ ಮಲಗಿದ್ದವು. ಮುಂದೊಂದು ಚೀಟಿ: 'ದೊರೆತ ಊರು ತಿಳಿದಿಲ್ಲ.'

"ಅಜ್ಜಿ, ನಮ್ಮೂರ ಹೆಸರೆಲ್ಲೈತೆ?" ಎಂದಳು ರಶ್ಮಿತಾ.

ಪಾತಜ್ಜಿ ಗಾಜಿಗೆ ಮೂಗು ಒತ್ತಿದಳು. "ಲೇ ವೀರೇಶಿ, ಇದ್ರಾಗೆ ನಂದ್ಯಾವ್ದಲೇ? ಎಲ್ಲಾ ತಲೆ ಬೋಳಿಸ್ದಂಗೆ ಅವೆ."

ಯಾವುದೋ ಒಂದನ್ನು ತೋರಿಸಿದರೆ ಮುಗಿಯುತ್ತಿತ್ತು. ವೀರೇಶ ಬೆರಳನ್ನೂ ಎತ್ತಿದ. ಅದು ತಾನಾಗಿ ಇಳಿಯಿತು.

"ನಾನೇ ತೊಳೆದೆ, ಅಜ್ಜಿ. ನಂಬರೂ ಹೋಯ್ತು, ನಿನ್ನ ಎಣ್ಣೆಕಪ್ಪೂ ಹೋಯ್ತು. ನಿಂದ್ಯಾವ್ದು ಅಂತ ಯಾರಿಗೂ ಗೊತ್ತಿಲ್ಲ."

"ತೊಳದ್ಯಾ? ಮನೇಲಿ ಉಂಡ ತಟ್ಟೆ ತೊಳೀದೋನು!"

ಅವಳ ಮಡಿಲಲ್ಲಿ ಏನೋ ಭಾರವಾಗಿ ಜೋತಿತ್ತು. ಬದು ಹಾಕುವಾಗ ಇನ್ನೊಂದು ಸಿಡಿಲುಗಲ್ಲು ಸಿಕ್ಕಿತೆಂದು ರಶ್ಮಿತಾ ಹೇಳಿದಳು. ಕೇಳುವ ಮುಖ ತನಗಿಲ್ಲವೆಂದು ಗೊತ್ತಿದ್ದೂ ವೀರೇಶ ಕೇಳಿದ: "ಈ ಸಲ ಊರ ಹೆಸರು ನಾನೇ ನಿಂತು ಬರೆಸ್ತೀನಿ. ಅದನ್ನ ಕೊಡ್ತೀಯಾ, ಅಜ್ಜಿ?"

ಪಾತಜ್ಜಿ ಮಡಿಲ ಗಂಟು ಬಿಗಿದಳು.

"ಕೊಡಾಕಂತ್ಲೇ ತಂದಿದ್ದೆ. ಈಗ ಕೊಡಲ್ಲ."