ಆಫೀಸ್ ಬರ್ತ್‌ಡೇ

ನಾನು ಕೆಲಸ ಮಾಡಿದ ಶಾಲೆಯಲ್ಲಿ ಅರ್ಧಕ್ಕರ್ಧ ಮಕ್ಕಳು ಮೇ ತಿಂಗಳಲ್ಲಿ ಹುಟ್ಟಿದವರು. ಚಾಮರಾಜಪೇಟೆಯ ತಾಯಂದಿರೆಲ್ಲ ಮಾತಾಡಿಕೊಂಡು ಬೇಸಿಗೆ ರಜೆಯಲ್ಲೇ ಹೆರುತ್ತಿದ್ದರು ಎಂದಲ್ಲ. ದಾಖಲಾತಿ ರಿಜಿಸ್ಟರು ಬರೆಯುತ್ತಿದ್ದವಳು ನಾನು. ಒಂದನೇ ತರಗತಿಗೆ ಸೇರಬೇಕಾದರೆ ಜೂನ್ ಹೊತ್ತಿಗೆ ಮಗುವಿಗೆ ಇಷ್ಟು ವಯಸ್ಸು ಆಗಿರಬೇಕು ಎಂಬ ನಿಯಮವಿತ್ತು. ನಾಲ್ಕೈದು ತಿಂಗಳು ಕಡಿಮೆ ಬಿದ್ದರೆ ಮಗು ಇನ್ನೊಂದು ವರ್ಷ ಮನೆಯಲ್ಲಿ ಕೂರಬೇಕು. ತಾಯಂದಿರು ಮುಖ ಸಣ್ಣ ಮಾಡಿಕೊಂಡು ನಿಂತರೆ ನಾನು ಪೆನ್ನಿನ ಮುಚ್ಚಳ ತೆಗೆದು, ಹಿಂದಿನ ವರ್ಷದ ಮೇ ತಿಂಗಳ ಯಾವುದೋ ಒಂದು ದಿನವನ್ನು ಹಾಕಿಬಿಡುತ್ತಿದ್ದೆ. ಅಂಕೆಯಲ್ಲೊಮ್ಮೆ, ಅಕ್ಷರದಲ್ಲೊಮ್ಮೆ.

ನಮ್ಮ ಕಡೆ ಇದನ್ನು ಯಾರೂ ಸುಳ್ಳು ಎನ್ನುವುದಿಲ್ಲ, ಉಪಕಾರ ಎನ್ನುತ್ತಾರೆ. ನನ್ನ ಹುಟ್ಟಿದ ತಾರೀಖನ್ನೂ ಒಬ್ಬ ಮೇಷ್ಟ್ರು ಹೀಗೇ ಹಾಕಿದ್ದರು. ಅದರ ಪುಣ್ಯದಿಂದ ಕೆಲವು ತಿಂಗಳು ಮೊದಲೇ ನಿವೃತ್ತಳೂ ಆದೆ. ನಾನು ನಿಜವಾಗಿ ಹುಟ್ಟಿದ ದಿನ ಯಾವುದೆಂದು ಗೊತ್ತಿದ್ದವರು ಈಗ ಯಾರೂ ಇಲ್ಲ. ಮದುವೆಯಾಗದ ಹೆಂಗಸಿಗೆ ಹುಟ್ಟುಹಬ್ಬ ಕೇಳುವವರಾದರೂ ಯಾರು, ಆದ್ದರಿಂದ ಅದೊಂದು ಕೊರತೆ ಎಂದು ನನಗೆ ಅನ್ನಿಸಿರಲಿಲ್ಲ.

ನನಗೆ ಜಂಬವಿದ್ದದ್ದು ಒಂದೇ ವಿಷಯದಲ್ಲಿ, ನನ್ನ ಅಕ್ಷರ. ಅಷ್ಟು ವರ್ಷಗಳ ರಿಜಿಸ್ಟರುಗಳಲ್ಲಿ ಒಂದು ಚಿತ್ತಿಲ್ಲ, ಒಂದು ತಿದ್ದಿಲ್ಲ. ತಪಾಸಣೆಗೆ ಬಂದ ಸಾಹೇಬರೊಬ್ಬರು ಪುಟ ತಿರುವಿ, "ಅಚ್ಚು ಹಾಕಿಸಿದ ಹಾಗಿದೆಯಲ್ರೀ" ಎಂದಿದ್ದನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ.

ಅವಳು ಬಂದದ್ದು ಅಂಥದೇ ಒಂದು ಜೂನ್‌ನಲ್ಲಿ. ಅಪ್ಪನಿಗೆ ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ. ತಾಯಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ನನ್ನ ಮೇಜಿನ ಮುಂದೆ ಕೂತಿದ್ದರೆ, ಮಗಳು ಶಾಯಿ ಬಾಟಲಿಯ ಬಿದ್ದ ಮುಚ್ಚಳವನ್ನು ಆಫೀಸಿನ ಈ ಗೋಡೆಯಿಂದ ಆ ಗೋಡೆಗೆ ಒದೆಯುತ್ತಿದ್ದಳು.

"ಸಂಕ್ರಾಂತಿ ದಿನಾನೇ ಹುಟ್ಟಿದ್ದು ಮಿಸ್, ನಮ್ಮಮ್ಮನ ಮನೇಲಿ. ಬರ್ತ್ ಸರ್ಟಿಫಿಕೇಟ್ ಮಾಡ್ಸೇ ಇಲ್ಲ. ಸ್ವಲ್ಪದ್ರಲ್ಲಿ ಒಂದ್ ವರ್ಷ ವೇಸ್ಟ್ ಆಗುತ್ತೆ."

"ಆ ಮುಚ್ಚಳ ಇಲ್ಲಿ ಕೊಡು ಮೊದ್ಲು" ಎಂದೆ ಹುಡುಗಿಗೆ. ಅವಳು ಅದನ್ನು ಕೈಯಲ್ಲಿ ಎತ್ತಿ ಕೊಡಲಿಲ್ಲ, ಒದ್ದಳು. ಸರಿಯಾಗಿ ನನ್ನ ಚಪ್ಪಲಿಗೆ ಬಂದು ತಾಗಿತು. ನಗು ಬಂತು. ಬರೆದೆ: ಮೇ ಇಪ್ಪತ್ತು. ಅವಳನ್ನು ಸಂಕ್ರಾಂತಿಯಿಂದ ಎತ್ತಿ ಸುಮಾರು ಎಂಟು ತಿಂಗಳು ಹಿಂದಕ್ಕೆ ಇಟ್ಟೆ. ಮುಂದೆ ಅವಳ ಎಲ್ಲ ಕಾಗದಗಳೂ ಆ ಒಂದು ಸಾಲನ್ನು ನೋಡಿಕೊಂಡೇ ಹುಟ್ಟಿದವು.

ನಾನಿರುವ ವಠಾರದಲ್ಲಿ ಎದುರು ಮನೆ ಖಾಲಿಯಾದಾಗ ಅವರೇ ಬಾಡಿಗೆಗೆ ಬಂದರು. ನಾನು ನಿವೃತ್ತಳಾದ ಮೇಲೆ ಹುಡುಗಿ ನನ್ನ ಪಾಲಿಗೆ ಬಿದ್ದಳು. ಅಪ್ಪ ಅಮ್ಮ ಬೆಳಕು ಹರಿಯುವ ಮುಂಚೆ ಮಂಡಿಗೆ ಹೋಗುವವರು. ಇವಳಿಗೆ ಆರು ಗಂಟೆಗೆ ಮೈದಾನದಲ್ಲಿ ಫುಟ್‌ಬಾಲ್ ಅಭ್ಯಾಸ. ಬೆಳೆಯುವ ಹುಡುಗಿಯನ್ನು ಒಬ್ಬಳೇ ಕಳಿಸುವುದು ಹೇಗೆ ಎಂದು ತಾಯಿ ರಾಗ ಎಳೆದಾಗ, "ನಾನಿದೀನಲ್ಲ, ಕೂತು ಬರ್ತೀನಿ" ಎಂದೆ.

ನಾಲ್ಕು ವರ್ಷ ಕೂತೆ. ಮೈದಾನದ ಅಂಚಿನ ಕಲ್ಲುಬೆಂಚು, ಫ್ಲಾಸ್ಕಿನಲ್ಲಿ ಕಾಫಿ. ಆಟ ನನಗೆ ತಲೆಬುಡ ಅರ್ಥವಾಗಲಿಲ್ಲ. ಅವಳು ಎಡಗಡೆ ಆಡುತ್ತಾಳೆ ಎಂಬುದಷ್ಟೇ ಗೊತ್ತಾದದ್ದು, ಹಾಗಾಗಿ ನನ್ನ ಕಣ್ಣು ಎಡಗಡೆಯೇ ಇರುತ್ತಿತ್ತು. ವಾಪಸು ಬರುವಾಗ ದಾರಿಯುದ್ದಕ್ಕೂ ಯಾರು ಪಾಸ್ ಕೊಡಲಿಲ್ಲ, ಯಾರು ಕಾಲಿಗೆ ಒದ್ದರು ಎಂಬ ಪುರಾಣ. ನನ್ನ ಜೊತೆ ಯಾರಾದರೂ ಅಷ್ಟು ಮಾತಾಡಿ ಎಷ್ಟೋ ಕಾಲವಾಗಿತ್ತು. ಅಭ್ಯಾಸಕ್ಕೆ ರಜೆ ಇದ್ದ ದಿನ ನಾನೇ ಸಪ್ಪಗಿರುತ್ತಿದ್ದೆ. ಇದನ್ನು ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ.

ಸಂಕ್ರಾಂತಿಯ ದಿನ ಅವಳು ಎಳ್ಳು ಬೀರಲು ಮೊದಲು ನನ್ನ ಮನೆಗೇ ಬರುತ್ತಿದ್ದಳು. ತಟ್ಟೆ ಇಳಿಸಿ, "ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಿ ಮಿಸ್, ನಿಮಗೆ ತುಂಬಾ ಅಗತ್ಯ ಇದೆ" ಎನ್ನುತ್ತಿದ್ದಳು. ನಾನು ಅವಳ ಹಣೆಗೆ ಕುಂಕುಮವಿಟ್ಟು ಒಂದು ಲೋಟ ಗಸಗಸೆ ಪಾಯಸ ಕೊಡುತ್ತಿದ್ದೆ, ಅದು ನಿಜವಾದ ಹುಟ್ಟುಹಬ್ಬ. ಮೇ ಇಪ್ಪತ್ತಕ್ಕೆ ಗೆಳತಿಯರಿಂದ ಮೆಸೇಜುಗಳು ಬರುತ್ತಿದ್ದವು, ಕ್ಲಬ್ಬಿನವರು ಕೇಕ್ ಕತ್ತರಿಸುತ್ತಿದ್ದರು. ಅದಕ್ಕೆ ಅವಳಿಟ್ಟ ಹೆಸರು ಆಫೀಸ್ ಬರ್ತ್‌ಡೇ. ಅವತ್ತು ಎರಡು ಚಾಕೊಲೇಟ್ ತಂದು, "ಆಫೀಸ್ ಸ್ಟಾಫಿಗೆ" ಎಂದು ಬಹಳ ಗಂಭೀರವಾಗಿ ನನ್ನ ಕೈಗಿಡುವುದು, ಇಬ್ಬರೂ ನಗುವುದು.

ಹದಿನೇಳರೊಳಗಿನ ಹುಡುಗಿಯರ ಅಂತರರಾಷ್ಟ್ರೀಯ ಪಂದ್ಯಾವಳಿ ನಮ್ಮ ದೇಶದಲ್ಲೇ ನಡೆಯುತ್ತದೆ, ಅದರ ತರಬೇತಿ ಶಿಬಿರಕ್ಕೆ ಇವಳು ಆಯ್ಕೆಯಾಗಿದ್ದಾಳೆ ಎಂದು ಪತ್ರ ಬಂದಾಗ ಅವಳಿಗೆ ಹದಿನೈದು. ಕಾಗದದ ಪ್ರಕಾರ ಇನ್ನೂ ಸ್ವಲ್ಪ ಜಾಸ್ತಿ. ಅವಳಪ್ಪ ಮಂಡಿಯಲ್ಲಿ ಕಂಡಕಂಡವರಿಗೆ ಜಿಲೇಬಿ ಹಂಚಿದರು. ಮೊದಲ ಶಿಬಿರ ಮುಗಿಸಿ ಬಂದವಳು ದೇಶದ ಹೆಸರು ಬರೆದಿದ್ದ ಅಂಗಿ ತೊಟ್ಟು ನನ್ನ ಬಾಗಿಲಲ್ಲಿ ನಿಂತಳು. "ಮ್ಯಾಚಿಗೆ ನಿಮ್ಮನ್ನ ಕರ್ಕೊಂಡು ಹೋಗ್ತೀನಿ ಮಿಸ್. ಬೆಂಚಲ್ಲ, ಕುರ್ಚಿ ಇರುತ್ತೆ" ಎಂದಳು. ನಾನು ಒಂದು ಹೊಸ ಫ್ಲಾಸ್ಕ್ ಕೊಂಡೆ.

ಆಮೇಲೆ ಕೊರೋನ ಬಂತು. ಪಂದ್ಯಾವಳಿ ಮುಂದಕ್ಕೆ ಹೋಯಿತು, ಕೊನೆಗೆ ರದ್ದಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ವಠಾರದವರೆಲ್ಲ ಲೊಚಗುಟ್ಟಿದರು. ಅವಳು ಅಳಲಿಲ್ಲ. ವಠಾರದ ಹಿಂಗೋಡೆಗೆ ಚೆಂಡು ಒದೆಯುತ್ತಿದ್ದಳು, ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಗೋಡೆಯ ಈಚೆ ನನ್ನ ಅಡುಗೆಮನೆ, ಪಾತ್ರೆಗಳು ನಡುಗುತ್ತಿದ್ದವು. ಯಾರೋ ತಕರಾರು ತೆಗೆದಾಗ, "ಅದು ನನ್ನ ಗೋಡೆ, ಬಿದ್ರೆ ನನ್ನ ಮೇಲೆ ಬೀಳುತ್ತೆ" ಎಂದು ಬಾಯಿ ಮುಚ್ಚಿಸಿದೆ. ಎರಡು ವರ್ಷ ಬಿಟ್ಟು ಅದೇ ಪಂದ್ಯಾವಳಿ ಇಲ್ಲೇ ನಡೆಯುತ್ತದೆ ಎಂಬ ಸುದ್ದಿ ಬಂದಾಗ ಅವಳ ಮುಖ ಮತ್ತೆ ಅರಳಿತು.

ಒಂದು ಭಾನುವಾರ ಮೊಬೈಲ್ ಹಿಡಿದು ಓಡಿಬಂದಳು. ನಾನು ಅವರೆಕಾಳು ಹಿದುಕುತ್ತಿದ್ದೆ.

"ಮಿಸ್, ಹೊಸ ಶಿಬಿರಕ್ಕೆ ವಯಸ್ಸಿನ ರೂಲ್ ಬಂದಿದೆ. ಜನವರಿ ಒಂದನೇ ತಾರೀಖು, ಇಲ್ಲಾ ಆಮೇಲೆ ಹುಟ್ಟಿರ್ಬೇಕು. ನಾನು ಹುಟ್ಟಿದ ವರ್ಷಾನೇ. ಸಂಕ್ರಾಂತಿ ಅಂದ್ರೆ ಎರಡು ವಾರ ಆದ್ಮೇಲೆ. ನಾನು ಒಳಗಿದೀನಿ."

ನನ್ನ ಕೈ ನಿಂತಿತು. ಅವಳು ನನ್ನ ಮುಖ ನೋಡಿದಳು. ಮೇ ಇಪ್ಪತ್ತು ಎಷ್ಟು ವರ್ಷದಿಂದ ನಮ್ಮಿಬ್ಬರ ತಮಾಷೆಯಾಗಿತ್ತೆಂದರೆ, ಅದು ಅವಳ ಪಾಸ್‌ಪೋರ್ಟಿನಲ್ಲೂ ಇದೆ ಎಂಬುದು ಆ ಖುಷಿಯಲ್ಲಿ ಅವಳಿಗೆ ಮರೆತಿತ್ತು. ನಿಧಾನವಾಗಿ ನೆನಪಾಯಿತು. ಕಾಗದದ ಪ್ರಕಾರ ಅವಳು ಹಿಂದಿನ ವರ್ಷದವಳು, ಆಚೆ.

"ಅದನ್ನ ನೀವೇ ತಾನೆ ಬರೆದಿದ್ದು?" ಎಂದಳು. "ನೀವೇ ತಿದ್ದಿಬಿಡಿ ಮಿಸ್."

"ತಿದ್ದೋಣ" ಎಂದೆ.

ಆದರೆ ಮರುದಿನ ನಾನು ಹೋಗಲಿಲ್ಲ. ಮುಖ್ಯವಾದ ಮಾತು ಇದೇ, ಇದನ್ನು ಬರೆಯದೆ ಉಳಿದದ್ದೆಲ್ಲ ಬರೆದರೆ ಮತ್ತೊಂದು ಮೇ ಇಪ್ಪತ್ತು ಬರೆದಂತಾಗುತ್ತದೆ. ಹೋಗಬೇಕಾದರೆ ನಾನು ಸುಳ್ಳು ತಾರೀಖು ಹಾಕಿದೆ ಎಂದು ಸಹಿ ಮಾಡಿ ಕೊಡಬೇಕು. ಒಂದು ಮಗುವಿಗೆ ಹಾಕಿದವಳು ಉಳಿದವರಿಗೆ ಹಾಕಿಲ್ಲವೇ ಎಂದು ಕೇಳುತ್ತಾರೆ. ಕೆಲಸದಲ್ಲಿರುವ ಎಷ್ಟೋ ಜನರ ಮೇ ತಿಂಗಳುಗಳು ಎದ್ದು ಕೂರುತ್ತವೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸಬೂಬು. ನಿಜವಾಗಿ ನನ್ನನ್ನು ತಡೆದದ್ದು ಆ ಚಿತ್ತಿಲ್ಲದ ರಿಜಿಸ್ಟರು, ಅಚ್ಚು ಹಾಕಿಸಿದ ಹಾಗಿದೆ ಎಂಬ ಆ ಒಂದು ಮಾತು. ದಿನಾ ಸಂಜೆ ಅವಳು ಬಾಗಿಲಲ್ಲಿ ನಿಂತು, "ಹೋಗಿದ್ರಾ ಮಿಸ್?" ಎನ್ನುತ್ತಿದ್ದಳು. ಮೊಣಕಾಲು ನೋವು ಎಂದೆ, ಸಾಹೇಬರು ರಜೆ ಎಂದೆ. ಹೀಗೆ ಹದಿನೈದು ದಿನ ಕಳೆದೆ.

ಕೊನೆಗೆ ಒಂದು ದಿನ ಅವಳು ಬಾಗಿಲಿಗೆ ಬಂದು ನಿಂತಳು, ಆದರೆ ಕೇಳಲಿಲ್ಲ. ಅದನ್ನು ನನ್ನಿಂದ ತಡೆಯಲಾಗಲಿಲ್ಲ. ಮರುದಿನವೇ ಶಾಲೆಗೆ ಹೋದೆ. ನನ್ನ ಕುರ್ಚಿಯಲ್ಲಿದ್ದ ಹೊಸ ಹುಡುಗಿ ರಿಜಿಸ್ಟರು ತೆಗೆದುಕೊಟ್ಟಳು. ಆ ಪುಟದಲ್ಲಿ ಹನ್ನೆರಡು ಮಕ್ಕಳು, ಏಳು ಜನ ಮೇ ತಿಂಗಳವರು. ಮುತ್ತಿನಂಥ ಅಕ್ಷರ. ಅಲ್ಲಿಂದ ಶೇಷಾದ್ರಿಪುರಂನಲ್ಲಿದ್ದ ಒಬ್ಬ ವಕೀಲರ ಹತ್ತಿರ ಹೋದೆ. ಎಲ್ಲ ಕೇಳಿದ ಮೇಲೆ ಅವರು ಕನ್ನಡಕ ತೆಗೆದರು.

"ನೀವು ಬರೆದುಕೊಡ್ತೀರಾ ಮೇಡಂ, ತಪ್ಪು ನಂದೇ ಅಂತ?"

"ಕೊಡ್ತೀನಿ."

"ಕೋರ್ಟ್ ಆರ್ಡರ್ ಆಗ್ಬೇಕು, ಆಮೇಲೆ ಮಾರ್ಕ್ಸ್ ಕಾರ್ಡು, ಪಾಸ್‌ಪೋರ್ಟು. ಶಿಬಿರದವರು ಯಾವತ್ತು ದಾಖಲೆ ಕೇಳಿದಾರೆ?"

ಹೇಳಿದೆ. ಅವರು ಕ್ಯಾಲೆಂಡರ್ ನೋಡಿದರು. "ಕಷ್ಟ. ಹದಿನೈದು ದಿನದ ಹಿಂದೆ ಬಂದಿದ್ರೆ ರಜೆಗೆ ಮುಂಚೆ ಒಂದು ಕೈ ನೋಡಬಹುದಿತ್ತು. ಈಗ ಕೋರ್ಟಿಗೆ ರಜೆ."

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವಳು ಅವಳು. ಬರೆದುಕೊಟ್ಟೆ, ಅರ್ಜಿಯೂ ಹೋಯಿತು. ಅದರ ಸರದಿ ಬರುವಷ್ಟರಲ್ಲಿ ಅವಳ ಹೆಸರಿಲ್ಲದೆ ಶಿಬಿರದ ಪಟ್ಟಿ ಪ್ರಕಟವಾಗಿತ್ತು. ಅರ್ಜಿ ವಾಪಸ್ ತೆಗೆದುಕೊಳ್ಳಿ ಎಂದು ಅವಳೇ ವಕೀಲರಿಗೆ ಫೋನ್ ಮಾಡಿದಳಂತೆ. ಹದಿನೈದು ದಿನದ ವಿಷಯವನ್ನು ನಾನೇ ಅವಳಿಗೆ ಹೇಳಿದೆ. ಅವಳು ಕೇಳಿಸಿಕೊಂಡು ಮನೆಯೊಳಗೆ ಹೋದಳು. ತಾಯಿ ಮಾತ್ರ, "ನಾವ್ ಕೇಳಿದ್ದಕ್ಕೆ ನೀವ್ ಬರೆದ್ರಿ, ನಿಮ್ದೇನ್ ತಪ್ಪು ಮಿಸ್" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಪಂದ್ಯಾವಳಿ ನಡೆಯಿತು. ಮೊದಲ ಪಂದ್ಯವನ್ನು ನಾನೊಬ್ಬಳೇ ಟಿವಿಯಲ್ಲಿ ನೋಡಿದೆ, ಶಬ್ದ ಪೂರ್ತಿ ಕಡಿಮೆ ಮಾಡಿ. ಎದುರು ಮನೆಯಿಂದ ಧಾರಾವಾಹಿಯ ಅಳು ಕೇಳಿಸುತ್ತಿತ್ತು. ನನ್ನ ಕಣ್ಣು ಅಭ್ಯಾಸಬಲದಿಂದ ಎಡಗಡೆಗೇ ಹೋಯಿತು. ಅಲ್ಲೊಬ್ಬ ಹುಡುಗಿ ಓಡುತ್ತಿದ್ದಳು. ಚೆನ್ನಾಗಿಯೇ ಆಡಿದಳೆಂದು ಕಾಣುತ್ತದೆ, ನನಗೆ ಗೊತ್ತಾಗುವುದಿಲ್ಲ. ಆಟ ಮುಗಿಯುವವರೆಗೂ ನೋಡಿ ಹಾಸಿಗೆ ಹಾಸಿಕೊಂಡೆ.

ಗೋಡೆಯ ಮೇಲೆ ಚೆಂಡಿನ ಸದ್ದು ನಿಂತುಹೋಯಿತು. ಪಾತ್ರೆಗಳು ಇಟ್ಟಲ್ಲೇ ಇರುತ್ತವೆ. ಅವಳು ಡಿಗ್ರಿ ಸೇರಿದಳು, ಅಲ್ಲಿ ಆಡುವುದಿಲ್ಲ. ಎದುರು ಸಿಕ್ಕರೆ ತಲೆಯಾಡಿಸಿ ಬಸ್ಸಿಗೆ ಓಡುತ್ತಾಳೆ. ಆರು ಗಂಟೆಗೆ ನನಗೆ ಈಗಲೂ ಎಚ್ಚರವಾಗುತ್ತದೆ. ಒಂದೆರಡು ಸಲ ಫ್ಲಾಸ್ಕ್ ಹಿಡಿದು ಮೈದಾನಕ್ಕೆ ಹೋಗಿ ಕೂತೆ. ಬೇರೆ ಮಕ್ಕಳು ಆಡುತ್ತಿದ್ದರು. ತರಬೇತುದಾರರು ಬಂದು ಯಾರ ಕಡೆಯವರು ಎಂದು ಕೇಳಿದರು. ಯಾರ ಕಡೆಯವಳೂ ಅಲ್ಲ ಎಂದು ಎದ್ದು ಬಂದೆ.

ಆಮೇಲಿನ ಸಂಕ್ರಾಂತಿಗೆ ಗಸಗಸೆ ಪಾಯಸ ಮಾಡಿ ಸಂಜೆಯವರೆಗೂ ಬಾಗಿಲು ತೆರೆದೇ ಇಟ್ಟಿದ್ದೆ. ಎಳ್ಳಿನ ತಟ್ಟೆ ತಂದವರು ಅವಳ ತಾಯಿ. ಪಾಯಸವನ್ನು ಮೂರು ದಿನ ನಾನೇ ಕುಡಿದೆ.

ಈ ವರ್ಷ ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಶಬ್ದ. ಅವಳು. ಹೊಸ ಚೂಡಿದಾರ, ಕೈಯಲ್ಲಿ ಚಾಕೊಲೇಟಿನ ಡಬ್ಬಿ. ವಠಾರದ ಎಲ್ಲ ಮನೆಗೂ ಹಂಚುತ್ತ ಬಂದಿದ್ದಳು.

"ತಗೊಳಿ ಮಿಸ್. ಇವತ್ತು ನನ್ನ ಬರ್ತ್‌ಡೇ."

ಆಫೀಸ್ ಎಂಬ ಮಾತು ಬರುತ್ತದೆಂದು ಕಾದೆ. ಬರಲಿಲ್ಲ. ಅವಳ ಮುಖದಲ್ಲಿ ಕೋಪವೂ ಇರಲಿಲ್ಲ, ಎಲ್ಲ ಮನೆಗೂ ತೋರಿಸುವ ನಗುವೇ ಇತ್ತು. ನಾನು ಎರಡು ಚಾಕೊಲೇಟ್ ತೆಗೆದುಕೊಂಡೆ.

"ಸಂಕ್ರಾಂತಿಗೆ ನಿನಗೆ ಪಾಯಸ ಮಾಡಿದ್ದೆ ಕಣೆ. ಬರಲೇ ಇಲ್ಲ."

"ಯಾಕೆ ಮಿಸ್? ಅವತ್ತೇನಿತ್ತು?" ಎಂದಳು.

ಪಕ್ಕದ ಮನೆಯವರು ಕರೆದರು, ಹೋದಳು. ಒಳಗೆ ಬಂದು ಕ್ಯಾಲೆಂಡರ್ ಕೆಳಗಿಳಿಸಿದೆ. ಮೇ ಇಪ್ಪತ್ತರ ಮನೆಯಲ್ಲಿ ಅವಳ ಹೆಸರನ್ನು ಅಚ್ಚುಕಟ್ಟಾಗಿ ಬರೆದೆ. ಅಕ್ಷರ ಚೆನ್ನಾಗಿಯೇ ಬಂತು.